ಅಜ್ಜನ ಕೋವಿ ಮಾರುವ ಕೈಪಿಡಿ

ಬೇಕಾಗುವ ಸಾಮಾನು: ಒಂದು ಟಾರ್ಚು, ಒಂದು ಭೂತಗನ್ನಡಿ, ಲೈಸೆನ್ಸ್ ಪುಸ್ತಕ, ಬಿಡುವಿನ ಒಂದು ಮಧ್ಯಾಹ್ನ. ಕೋಣೆಯಿಂದ ಹೊರಗಿಡಬೇಕಾದವು: ಉಪ್ಪುಕಾಗದ, ವಾರ್ನಿಷ್ ಡಬ್ಬ, ಹುಣಸೆಹಣ್ಣು, ಕೈಕೆಲಸದಲ್ಲಿ ಪಳಗಿದ ಚಿಕ್ಕಪ್ಪ.

ಕೈಪಿಡಿ ಬರೆಯುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂದರೆ, ಮಾಡಬಾರದ್ದನ್ನೆಲ್ಲ ನಮ್ಮ ಮನೆಯವರು ಆಗಲೇ ಮಾಡಿ ಮುಗಿಸಿದ್ದಾರೆ. ನಮ್ಮದು ಸಕಲೇಶಪುರದ ಕಡೆಯ ಕಾಫಿ ತೋಟ. ಊರು ಬಿಟ್ಟು ಹೊರಟ ಬಿಳಿ ದೊರೆಯೊಬ್ಬನಿಂದ ಅಜ್ಜ ಕೊಂಡ ರೈಫಲ್ ಅದು: ಆಸ್ಟ್ರಿಯಾದ ಸ್ಟೈಯರ್ ಊರಿನ ಕಾರ್ಖಾನೆಯ ಮ್ಯಾನ್ಲಿಶರ್-ಶೋನವರ್, 1903ರ ಮಾದರಿ, 6.5 ಮಿಲಿಮೀಟರ್ ಬೋರ್. ತೋಟದ ಆಳುಗಳ ಬಾಯಲ್ಲಿ ‘ಮಂಜೇಶ’. ನಳಿಗೆಯ ತುದಿಯವರೆಗೂ ಮರದ ಹೊದಿಕೆ, ಬೋಲ್ಟಿಗೆ ಸಟ್ಟುಗದ ಹಾಗೆ ಚಪ್ಪಟೆ ಹಿಡಿಕೆ. ನಳಿಗೆ ಒಂದು, ಕುದುರೆ ಎರಡು. ಬಂದ ನೆಂಟರೆಲ್ಲ ಇನ್ನೊಂದು ನಳಿಗೆ ಎಲ್ಲಿ ಎಂದು ಕೇಳುತ್ತಾರೆ.

ಹಂತ 1. ತೋಟಾ ಇಲ್ಲವೆಂದು ನೋಡಿ. ಇಲ್ಲ ಎಂದು ಅಪ್ಪ ಹೇಳಿದರೂ ನೋಡಿ. ಎರಡು ಕುದುರೆಯ ಕೋವಿಯಲ್ಲಿ ಹಿಂದಿನದನ್ನು ಎಳೆದರೆ ಮುಂದಿನದು ಎಷ್ಟು ಹಗುರಾಗುತ್ತದೆಂದರೆ, ಸೀನಿದರೆ ಸಾಕು. ಪ್ರಯೋಗ ಬೇಡ.

ಹಂತ 2. ಕೋವಿಯ ಕತೆಯನ್ನು ಒಂದು ಸಲ ಪೂರ್ತಿ ಕೇಳಿ, ಆಮೇಲೆ ಮರೆತುಬಿಡಿ. ಮಲೆನಾಡಿನಲ್ಲಿ ಮಹಾರಾಜರ ಕೈಸೋಕದ ಹಳೇ ರೈಫಲನ್ನು ನಾನಿನ್ನೂ ನೋಡಿಲ್ಲ. ಕತೆಗೆ ಬೆಲೆ ಇದೆ, ಆದರೆ ಅದು ಲೋಹದ ಮೇಲೋ ಕಾಗದದ ಮೇಲೋ ಇರಬೇಕು. ಜಿಮ್ ಕಾರ್ಬೆಟ್ಟರ .275 ರಿಗ್ಬಿ ರೈಫಲ್‌ನ ಹಿಡಿಯ ಮೇಲೆ ಬೆಳ್ಳಿ ಫಲಕವಿದೆ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಕೊಟ್ಟದ್ದೆಂದು ಅದರಲ್ಲೇ ಬರೆದಿದೆ. 2015ರಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಮರಳಿ ಕೊಂಡುಕೊಂಡಿತು. ನಮ್ಮದರ ಮೇಲೆ ಫಲಕವಿಲ್ಲ. ಚಿಕ್ಕಪ್ಪ ಶಾಲೆಗೆ ಹೋಗುವಾಗ ಕೈವಾರದ ಮೊನೆಯಲ್ಲಿ ಕೆತ್ತಿದ ಅವರ ಇನಿಶಿಯಲ್ ಇದೆ.

ಕತೆಯನ್ನು ಒರೆಗೆ ಹಚ್ಚಲು ಒಂದು ಉಪಾಯ ಹೇಳುತ್ತೇನೆ. ಯಾರಾದರೂ “ನಮ್ಮ ತಾತ ಈ .450 ಜೋಡುನಳಿಗೆ ರೈಫಲನ್ನು 1920ರಲ್ಲಿ ಇಲ್ಲೇ ಹೊಸದಾಗಿ ಕೊಂಡದ್ದು” ಎಂದರೆ ಕಾಫಿ ಕುಡಿದು ಎದ್ದು ಬನ್ನಿ. ಆ ಬೋರನ್ನು ಬ್ರಿಟಿಷರು 1907ರಲ್ಲಿ ಭಾರತಕ್ಕೂ ಸೂಡಾನಿಗೂ ಬಾರದಂತೆ ತಡೆದಿದ್ದರು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಬೋರೂ ಅದೇ ಆದ್ದರಿಂದ, ಸಾಹೇಬರ ಶಿಕಾರಿ ಸಾಮಾನು ದಂಗೆಕೋರರ ಕೈಸೇರೀತೆಂಬ ಹೆದರಿಕೆ. ಲಂಡನ್ನಿನ ಕಂಪನಿಗಳು .465, .470 ಎಂದು ಬೇರೆ ಬೋರುಗಳನ್ನು ಹುಟ್ಟಿಸಿದ್ದೇ ಆ ಕಾರಣಕ್ಕೆ.

ಹಂತ 3. ಈಗ ಭೂತಗನ್ನಡಿ ಹಿಡಿದು ಕಬ್ಬಿಣ ನೋಡಿ. ನಳಿಗೆಯ ನಂಬರೂ ಬೋಲ್ಟಿನ ನಂಬರೂ ಒಂದೇ ಆಗಿರಬೇಕು. ಬೇರೆಯಿದ್ದರೆ ಯಾವುದೋ ಕಾಲದಲ್ಲಿ ಎರಡು ಕೋವಿಗಳ ಕೂಡಾವಳಿ ಆಗಿದೆ ಎಂದರ್ಥ. ನಳಿಗೆಯ ಬುಡದಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ಬೆಲ್ಜಿಯಂನದಾದರೆ ಮೊಟ್ಟೆಯಾಕಾರದೊಳಗೆ ಇ-ಎಲ್-ಜಿ ಅಕ್ಷರಗಳು, ಬ್ರಿಟನ್ನಿನದಾದರೆ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ಠಸ್ಸೆ. ಮುದ್ರೆಯ ಅಂಚುಗಳು ಹೊಸ ನಾಣ್ಯದ ಹಾಗೆ ಚುರುಕಾಗಿವೆಯೇ, ಚಪ್ಪರಿಸಿದ ಪೆಪ್ಪರಮಿಂಟಿನ ಹಾಗೆ ಕರಗಿವೆಯೇ? ಎರಡನೆಯದಾದರೆ ಯಾರೋ ಉಜ್ಜಿದ್ದಾರೆ. ಸ್ಕ್ರೂ ತಲೆಗಳನ್ನೂ ನೋಡಿ. ಯುರೋಪಿನ ಒಳ್ಳೆಯ ಕೆಲಸಗಾರ ಸ್ಕ್ರೂವಿನ ಸೀಳನ್ನು ಕೂದಲೆಳೆಯಷ್ಟು ಸಣ್ಣಗೆ ಕೊಯ್ದಿರುತ್ತಾನೆ. ನಮ್ಮದರಲ್ಲಿ ಅದು ಅಗಲವಾಗಿ ಬಾಯಿ ಬಿಟ್ಟುಕೊಂಡಿದೆ. ಪಂಪ್‌ಸೆಟ್ ರಿಪೇರಿಯ ಸ್ಕ್ರೂಡ್ರೈವರ್ ಹಾಕಿದವರು ಯಾರು ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ.

ಬಣ್ಣದ ವಿಷಯ ಸೂಕ್ಷ್ಮ. ಹಳೆಯ ನಳಿಗೆಯ ನೀಲಿಗಪ್ಪು ಹಚ್ಚಿದ ಬಣ್ಣವಲ್ಲ, ಸಾಕಿದ ತುಕ್ಕು. ಕಬ್ಬಿಣಕ್ಕೆ ಬೇಕೆಂದೇ ತುಕ್ಕು ಹಿಡಿಸಿ, ಕುದಿನೀರಿನಲ್ಲಿ ಬೇಯಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಹೀಗೆ ಎಷ್ಟೋ ಸಲ ಮಾಡಿದರೆ ಆ ಮಂಕು ಮೆರುಗು ಬರುತ್ತದೆ. ಕೈ ಹಿಡಿದು ಹಿಡಿದು ಸವೆದ ಕಡೆ ಅದು ಬೂದುಬಣ್ಣಕ್ಕೆ ತಿರುಗುತ್ತದೆ. ಆ ಬೂದಿಗೆ ದುಡ್ಡಿದೆ. ಕನ್ನಡಿಯಂತೆ ಹೊಳೆಯುವ ಕಪ್ಪಿಗೆ ಇಲ್ಲ, ಅದು ಆಮೇಲೆ ಯಾರೋ ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿ ತೆಗೆದದ್ದು.

ನಮ್ಮ ನಳಿಗೆಯ ಮೇಲೆ ಒಂದೇ ಸಾಲಿನಲ್ಲಿ, ಮೂರು ಮೂರು ಬೆರಳಿನ ಅಂತರಕ್ಕೆ, ಏಳು ಗುಂಡನೆಯ ಗುಳಿಗಳಿವೆ. ಬೆಂಗಳೂರಿನಿಂದ ಬಂದ ವ್ಯಾಪಾರಿ ಬಹಳ ಹೊತ್ತು ತಲೆ ಕೆರೆದುಕೊಂಡರು. ಇಂಥ ಕ್ರಮಬದ್ಧ ತುಕ್ಕನ್ನು ಅವರು ಯಾವ ದೇಶದ ಕೋವಿಯಲ್ಲೂ ಕಂಡಿರಲಿಲ್ಲ. ಅವು ಆಯುಧಪೂಜೆಯ ಬೊಟ್ಟುಗಳು. ಅಜ್ಜಿ ವರ್ಷ ವರ್ಷವೂ ಅದೇ ಜಾಗಕ್ಕೆ ಒದ್ದೆ ಕುಂಕುಮ ಇಟ್ಟು, ಮೇಲೆ ತೀರ್ಥ ಪ್ರೋಕ್ಷಿಸಿ, ಮರುದಿನದವರೆಗೆ ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡುತ್ತಿದ್ದರು. ಪಕ್ಕದ ಕೊಡಗಿನವರು ಜಾಣರು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಇಡುತ್ತಾರೆ, ಹೂವಿನಿಂದ ಗುಳಿ ಬೀಳುವುದಿಲ್ಲ.

ಹಂತ 4. ವ್ಯಾಪಾರಿ ನೋಡುತ್ತಿರುವಾಗ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಮನೆಯಲ್ಲಿ ಯಾರಿಂದಲೂ ಆಗಲಿಲ್ಲ.

ಹಂತ 5. ಮರ. ಹಿಡಿಗೆ ಬಳಸುವುದು ವಾಲ್‌ನಟ್, ಅದಕ್ಕೆ ಎಣ್ಣೆಯೇ ಅಲಂಕಾರ. ಮರವೂ ಕಬ್ಬಿಣವೂ ಕೂಡುವ ಕಡೆ ಬೆರಳಾಡಿಸಿ. ಮರ ಒಂದು ಎಳೆ ಮೇಲಿದ್ದರೆ ಕಾರ್ಖಾನೆಯ ಕೆಲಸ, ಒಂದು ಎಳೆ ಕೆಳಗಿದ್ದರೆ ಉಪ್ಪುಕಾಗದದ ಕೆಲಸ. ಅತ್ತೆಯ ಮದುವೆಗೆ ಮನೆಯ ಬಾಗಿಲುಗಳಿಗೆಲ್ಲ ವಾರ್ನಿಷ್ ಹೊಡೆಯುವಾಗ, ಉಳಿದದ್ದನ್ನು ಆಚಾರ್ರು ಪ್ರೀತಿಯಿಂದ ಕೋವಿಗೂ ಬಳಿದರು. ಅದಕ್ಕೆ ಮೊದಲು ನುಣುಪು ಮಾಡಿದರು. ಕೈ ಜಾರದಿರಲೆಂದು ಆಸ್ಟ್ರಿಯಾದವನು ಕೊರೆದ ಚೌಕುಳಿ ಗೀರುಗಳನ್ನೆಲ್ಲ ‘ಒರಟು’ ಎಂದು ಹೆರೆದು ಹಾಕಿದರು. ಹಿಡಿಯ ಹಿಂಬದಿಯ ಉಕ್ಕಿನ ತಗಡಿನಲ್ಲಿ ಒಂದು ಪುಟ್ಟ ಬಾಗಿಲಿದೆ, ಶುಚಿ ಮಾಡುವ ಸಲಾಕೆಯ ತುಂಡುಗಳನ್ನು ಇಡುವ ಗೂಡು. ಅದರೊಳಗೆ ಸಲಾಕೆಯ ಬದಲು ಎರಡು ಬೀಡಿ ಸಿಕ್ಕವು.

ಹಂತ 6. ನಳಿಗೆಯೊಳಗೆ ಟಾರ್ಚು ಬಿಟ್ಟು ನೋಡಿ. ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಸಿಡಿದ ಮೇಲೆ ಒಂದು ಬಗೆಯ ಉಪ್ಪಾಗಿ ಒಳಗೇ ಕೂರುತ್ತದೆ. ಉಪ್ಪು ಮಳೆಗಾಲದ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ. ಅದು ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ಅಜ್ಜ ಪ್ರತಿ ಈಡಿನ ಸಂಜೆಯೂ ಕುದಿನೀರು ಹೊಯ್ಯುತ್ತಿದ್ದರಂತೆ. ನೀರು ಕಂಡರೆ ಕಬ್ಬಿಣ ಕೆಡುತ್ತದೆಂದು ವಾದಿಸಿದ ಚಿಕ್ಕಪ್ಪ ಬರೀ ಎಣ್ಣೆ ಬಿಟ್ಟರು. ಫಲಿತಾಂಶ ನೋಡಲು ಟಾರ್ಚೂ ಬೇಡ.

ಹಂತ 7. ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಮಾರುವ ಮೊದಲು ಅಧಿಕಾರಿಗಳಿಗೆ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹತ್ತಿರ ಎರಡೇ ಬಂದೂಕು, ನಮ್ಮ ಕೋವಿಗೆ ಆಸೆಪಟ್ಟ ನೆಂಟರೆಲ್ಲರಲ್ಲೂ ಆಗಲೇ ಎರಡಿವೆ. ಇನ್ನು ತೋಟಾ: ನಮ್ಮ ದೇಶದ ಆರ್ಡನೆನ್ಸ್ ಕಾರ್ಖಾನೆ .315 ಮಾಡುತ್ತದೆ, ಅದೂ ಮೂಲದಲ್ಲಿ ಮ್ಯಾನ್ಲಿಶರನದೇ 8 ಮಿಲಿಮೀಟರ್ ತೋಟಾ. ನಮ್ಮ 6.5 ಮಾತ್ರ ಪೇಟೆಯಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಸಿಕ್ಕಿದರೂ ಹೊಡೆಯುವುದು ಏನನ್ನು? 1972ರ ವನ್ಯಜೀವಿ ಕಾಯ್ದೆ ಶಿಕಾರಿಯನ್ನು ಮುಗಿಸಿತು. ಹಾಗಾಗಿ ಕೊಳ್ಳಲು ಬರುವವರು ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್‌ನ ಶಿಕಾರಿ ಕತೆ ಓದಿದವರು. ಅವರಿಗೆ ಬೇಕಾದದ್ದು ಗೋಡೆಗೆ ಒರಗಿಸಿಡುವ ಕಾಡು.

ಹಂತ 8. ಬೆಲೆ. ವ್ಯಾಪಾರಿ ಕೋವಿಯನ್ನು ಕೆಳಗಿಟ್ಟು, “ಇದರಲ್ಲಿ ಒರಿಜಿನಲ್ ಏನಾದರೂ ಉಳಿದಿದೆಯಾ?” ಎಂದರು. ಅಪ್ಪ ಸಿಟ್ಟಿನಿಂದ ಬೋಲ್ಟ್ ಎತ್ತಿ ನಳಿಗೆಯನ್ನು ಮೇಲಕ್ಕೆ ಹಿಡಿದರು. ಬೋಲ್ಟು ಸದ್ದಿಲ್ಲದೆ, ತುಪ್ಪದಲ್ಲಿ ಜಾರಿದ ಹಾಗೆ, ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಸರಿಯಿತು. ವ್ಯಾಪಾರಿಯ ಮುಖ ಒಂದು ಗಳಿಗೆ ಬದಲಾಯಿತು. ಬೋಲ್ಟಿಗೆ ನಮ್ಮ ಮನೆಯಲ್ಲಿ ಯಾರೂ ಕೈ ಹಾಕಿರಲಿಲ್ಲ, ಅದನ್ನು ಬಿಚ್ಚುವುದು ಯಾರಿಗೂ ಗೊತ್ತಿರಲಿಲ್ಲ. ಹೇಳಿದ ಬೆಲೆಗೆ ಅವರು ಸ್ವಲ್ಪ ಸೇರಿಸಿದರು, ಹೆಚ್ಚೇನಲ್ಲ.

ಅರ್ಜಿ ಕೊಟ್ಟು ಇವತ್ತಿಗೆ 31 ದಿನ. ಉಳಿದ ಹದಿನಾಲ್ಕು ದಿನದೊಳಗೇ ಆಯುಧಪೂಜೆ ಬರುತ್ತದೆ. ಸಕಲೇಶಪುರದ ಕಡೆ ಹೋಗುವವರಿದ್ದರೆ ದಯವಿಟ್ಟು ನಮ್ಮ ಮನೆಗೆ ಬಂದು, ಅಮ್ಮನ ಕೈಯಿಂದ ಕುಂಕುಮದ ಬಟ್ಟಲು ತೆಗೆದಿಡಿ.