ಐಪಿ ಸೆಟ್ ಮಾಡುವವನು

ಅವನು ಮೊದಲ ಸಲ ಬಂದ ದಿನ ಪಾಲಹಳ್ಳಿಯ ಟೀ ಅಂಗಡಿ ಮುಂದೆ ಬೈಕು ನಿಲ್ಲಿಸಿ ನಮ್ಮ ಕಚೇರಿಯ ದಾರಿ ಕೇಳಿದನಂತೆ. ಯಾಕಪ್ಪ ಅಂದದ್ದಕ್ಕೆ, "ಐಪಿ ಸೆಟ್ ಮಾಡ್ಬೇಕು" ಅಂದನಂತೆ. ಬೆಂಚಿನ ಮೇಲಿದ್ದ ಮೂವರು ರೈತರು ಒಟ್ಟಿಗೆ ಎದ್ದರು. ಈ ಸೀಮೆಯಲ್ಲಿ ಐಪಿ ಸೆಟ್ ಅಂದರೆ ಪಂಪ್‌ಸೆಟ್ಟು. ಒಬ್ಬರ ಮೋಟಾರು ಸುಟ್ಟು ನಾಲ್ಕು ದಿನ, ಇನ್ನೊಬ್ಬರಿಗೆ ತ್ರೀ ಫೇಸ್ ಬರುವುದೇ ನಡುರಾತ್ರಿ. "ಮದ್ಲು ನಮ್ದು ನೋಡ್ಬುಟ್ಟು ಆಮೇಲೆ ಆಪೀಸಿಗೆ ಓಗು ಕಣಪ್ಪ" ಎಂದು ಎಳೆದಾಡಿದರು. ತನ್ನದು ನೀರಿನ ಐಪಿ ಅಲ್ಲ, ಮಾತಿನ ಐಪಿ ಎಂದು ಅವರಿಗೆ ತಿಳಿಸಿ ಅವನು ನಮ್ಮ ಬಾಗಿಲು ಹತ್ತುವಾಗ ಹನ್ನೆರಡು ಗಂಟೆ. ತಡವಾಗಿ ಬಂದದ್ದಕ್ಕೆ ಅವನು ಈವರೆಗೆ ಕೊಟ್ಟ ಕಾರಣಗಳಲ್ಲಿ ನಿಜವಾದದ್ದು ಇದೊಂದೇ. ಅವತ್ತಿನಿಂದ ಊರಿನ ಬಾಯಲ್ಲಿ ಅವನು ಬರೀ "ಐಪಿ".

ನಾನು ಲೆಕ್ಕ ಬರೆಯುವ ಕಚೇರಿಯ ಹೆಸರು ಹೇಳುವುದಿಲ್ಲ. ಸಂಬಳ ಅಲ್ಲಿಂದಲೇ ಬರಬೇಕು. ರಂಗನತಿಟ್ಟಿಗೆ ಹಕ್ಕಿ ನೋಡಲು ಬರುವವರಿಗೆ ಊಟ, ರೂಮು ಕೊಡುವ ವ್ಯವಹಾರ ಅಂದುಕೊಳ್ಳಿ. ನಮ್ಮ ಸಾಹುಕಾರರು ಹಳೇ ಫೋನುಗಳನ್ನು ಬಿಸಾಡಲು ಮನಸ್ಸು ಬಾರದೆ, ಹೊಸ ಕಾಲದಿಂದ ಹಿಂದುಳಿಯಲೂ ಮನಸ್ಸು ಬಾರದೆ, ಎರಡರ ನಡುವೆ ವಾಯ್ಸ್ ಗೇಟ್‌ವೇ ಎಂಬ ಪೆಟ್ಟಿಗೆ ತಂದಿಟ್ಟರು. ಅದರ ಒಂದು ಕಡೆ ಹಳೇ ಫೋನಿನ ತಂತಿ, ಇನ್ನೊಂದು ಕಡೆ ಇಂಟರ್ನೆಟ್ಟಿನ ತಂತಿ. ನಾವಾಡಿದ ಮಾತು ಆಲೆಮನೆಯ ಪಾಕದ ಹಾಗೆ ಒಳಕ್ಕೆ ಹರಿದು, ಸೆಕೆಂಡಿಗೆ 50 ಅಚ್ಚಿನ ಲೆಕ್ಕದಲ್ಲಿ ಬೆಲ್ಲವಾಗಿ ಆಚೆ ಹೋಗುತ್ತದೆ. ಪಾಲಹಳ್ಳಿಗೆ ಇಂಥ ಪೆಟ್ಟಿಗೆ ಹೊಸದೇನಲ್ಲ ಅನ್ನುವುದು ನನ್ನ ವಾದ. 1847ರಲ್ಲೇ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಿಂತಿತ್ತು. ಒಂದು ಬಾಗಿಲಲ್ಲಿ ರೈತರ ಬೆಲ್ಲ ಒಳಗೆ, ಇನ್ನೊಂದು ಬಾಗಿಲಲ್ಲಿ ಸಕ್ಕರೆ ಹೊರಗೆ.

ಐಪಿಗೆ ಇಪ್ಪತ್ತೇಳು ವಯಸ್ಸು. ಕೊರಳಲ್ಲಿ ನೀಲಿ ಕೇಬಲ್ಲು, ಜೇಬಲ್ಲಿ ಕ್ರಿಂಪಿಂಗ್ ಇಕ್ಕಳ. ಕೂತರೆ ಏಳುವುದಿಲ್ಲ, ಎದ್ದರೆ ಸಿಗುವುದಿಲ್ಲ. ಅವನ ತಾತ ವಿರಿಜಾ ನಾಲೆಯ ಬಯಲಲ್ಲಿ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬು ಯಾವಾಗ ಎತ್ತಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಕಾಗದದ ಮೇಲೆ ಒಂದಕ್ಷರ ಇರಲಿಲ್ಲ, ಅದಕ್ಕೇ ಊರೆಲ್ಲ ಅವರಿಗೆ ಎದ್ದು ನಿಲ್ಲುತ್ತಿತ್ತು. ಮೊಮ್ಮಗನಿಗೆ ಬಂದಿರುವ ಪಿತ್ರಾರ್ಜಿತ ಅದೊಂದೇ.

"ಸಾ, ಈ ಪೆಟ್ಗೇಗೆ ಮೂರು ದಾರಿ ಮಾಡ್ಬೇಕು" ಎಂದು ಅವತ್ತು ಪಾಠ ಶುರುಮಾಡಿದ. "ಒಂದು ನಾನು ಓಡಾಡೋ ಏರಿ, ಅದ್ರಲ್ಲಿ ಬಂದೇ ನಾನು ಒಳಗಿನ್ ರಿಪೇರಿ ನೋಡೋದು. ಇನ್ನೊಂದು ಸುದ್ದಿ ಏಳೋನ್ದು: ಪೋನ್ ಬಂತು, ಎತ್ತುದ್ರು, ಇಟ್ರು ಅಂತ ಸಾರೋನು. ಮೂರ್ನೇದು ನೀರು, ಅಂದ್ರೆ ಮಾತು. ಮೂರಕ್ಕೂ ಬ್ಯಾರೆ ಬ್ಯಾರೆ ನಂಬರು."

ಒಂದೇ ಮನೆಗೆ ಮೂರು ನಂಬರು ಯಾಕೆ ಎಂದೆ. "ನಾಲೆ ಏರಿ ಮ್ಯಾಲೆ ದನ ಬುಟ್ರೆ ಏನಾಯ್ತದೆ ಸಾ?" ಎಂದ. ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ತಲೆಯಾಡಿಸಿದೆ.

ನಂಬರು 192.168 ಎಂದು ಶುರುವಾದಾಗ ನನಗೆ ಗುಮಾನಿ ಬಂತು. ನಮ್ಮ ಮನೆಯ ವೈಫೈ ಪೆಟ್ಟಿಗೆಯ ತಳದಲ್ಲೂ ಅದೇ ಇತ್ತು, ಭಾಮೈದನ ಮನೆಯಲ್ಲೂ ಅದೇ. ಕದ್ದ ನಂಬರಲ್ಲವಷ್ಟೇ? ಐಪಿ ನಕ್ಕ. "ಊರೂರ್ಗೂ ಮಾರಿಗುಡಿ ಬೀದಿ ಇಲ್ವಾ? ಆ ಊರೊಳ್ಗೆ ಏಳುದ್ರೆ ಆ ಊರಿಂದು. ಆಚೆ ಓಗಿ ಮಾರಿಗುಡಿ ಬೀದಿ ಅಂದ್ರೆ ಯಾರೂ ಕೇಳಕ್ಕಿಲ್ಲ." ಖಾಸಗಿ ಬಳಕೆಗೆಂದೇ ಈ ವಿಳಾಸಗಳನ್ನು 1994ರಲ್ಲಿ ಎತ್ತಿಟ್ಟಿದ್ದಾರೆ, ಯಾರು ಬೇಕಾದರೂ ಮನೆಯೊಳಗೆ ಬಳಸಬಹುದು ಎಂದು ಆಮೇಲೆ ಓದಿ ತಿಳಿದುಕೊಂಡೆ. ಮಾರಿಗುಡಿಯ ಮಾತೇ ಹೆಚ್ಚು ಅರ್ಥವಾಗಿತ್ತು.

ನಂಬರಿನ ಬಾಲಕ್ಕೆ ಸ್ಲ್ಯಾಶ್ 24 ಎಂದು ಹಾಕಿದ. ಅದು ಅಚ್ಚುಕಟ್ಟು: ಈ ನಾಲೆಯ ನೀರು ಎಲ್ಲಿಯವರೆಗಿನ ಗದ್ದೆಗೆ ಹಾಯುತ್ತದೆಂಬ ಗಡಿ. 256 ಗದ್ದೆ, ಅದರಲ್ಲಿ ತಲೆಯದೊಂದು ಬಾಲದ್ದೊಂದು ಬಿಟ್ಟು 254 ಉಳುಮೆಗೆ. ಅಚ್ಚುಕಟ್ಟಿನಿಂದ ಆಚೆ ಹೋಗುವುದೆಲ್ಲ ಒಂದೇ ತೂಬಿನಲ್ಲಿ ಹೋಗಬೇಕು. ಆ ತೂಬಿನ ನಂಬರು ಕೊನೆಯ ಖಾನೆ. ಇಷ್ಟು ಚೆನ್ನಾಗಿ ಹೇಳಬಲ್ಲವನು ಇಷ್ಟು ಕೆಟ್ಟದಾಗಿ ಮಾಡುತ್ತಾನೆಂದು ಯಾರು ತಾನೆ ಎಣಿಸಿಯಾರು?

ಮೊದಲು ತಾನು ಓಡಾಡುವ ಏರಿಯ ನಂಬರನ್ನೇ ಬದಲಾಯಿಸಿದ. ಪರದೆ ಮಾಯವಾಯಿತು. ಕಾಲು ಗಂಟೆ ಲ್ಯಾಪ್‌ಟಾಪನ್ನು ದಿಟ್ಟಿಸಿ, "ಏನೂ ಇಲ್ಲ ಸಾ, ಪೆಟ್ಗೆ ಒಸ ಮನೆಗೆ ಓಗದೆ, ನಾನು ಇನ್ನೂವೆ ಅಳೇ ಮನೆ ಬಾಗ್ಲು ತಟ್ತಾ ಕುಂತಿವ್ನಿ" ಎಂದ. ತನ್ನ ಲ್ಯಾಪ್‌ಟಾಪಿಗೂ ಅದೇ ಅಚ್ಚುಕಟ್ಟಿನ ನಂಬರು ಕೊಟ್ಟು ಒಳಗೆ ಹೋದ. ಮೂರು ದಾರಿಯನ್ನೂ ಬರೆದು ಮುಗಿಸಿ ಟೀ ಕುಡಿಯುವಾಗ ಕರೆಂಟು ಹೋಯಿತು. ಸೇವ್ ಒತ್ತದ ಹೊರತು ಆ ಪೆಟ್ಟಿಗೆ ಬರೆದದ್ದನ್ನು ನೆನಪಿಡುವುದಿಲ್ಲವಂತೆ. ಕರೆಂಟು ಬಂದಾಗ ಅದು ಅಂಗಡಿಯಿಂದ ಬಂದ ದಿನದಷ್ಟೇ ಮುಗ್ಧವಾಗಿತ್ತು. ಎರಡನೇ ಸಲ ಬರೆಯುವಾಗ ಸಂಜೆಯಾಗಿ, ಬೈಕಿಗೆ ಲೈಟಿಲ್ಲವೆಂದು ಅವನಿಗೆ ಅವಸರ.

ಪಾಸ್‌ವರ್ಡು ಬರೆದುಕೊಡು ಮಾರಾಯ ಎಂದೆ. ಮನಸ್ಸಿಗೆ ನೋವಾದವನಂತೆ ನೋಡಿದ. "ಬರ್ದಿಟ್ರೆ ಸೆಕ್ಯೂರಿಟಿ ಓಯ್ತದೆ ಸಾ." ಅವನ ತಾತನೂ ಇದನ್ನೇ ಅಂದಿರಬೇಕು, ಬೇರೆ ಮಾತಲ್ಲಿ.

ಮರುದಿನ ಫೋನು ಬಂತು. ಹಾಲು ಹಾಕುವವರು, ಎರಡು ತಿಂಗಳ ಬಾಕಿ. ಅವರ ಮಾತು ಗಂಟೆ ಹೊಡೆದಂತೆ ಕೇಳಿಸಿತು. "ಏನ್ ಸಾಮಿ, ಅಸುಗಳು ಉಲ್ಲು ತಿನ್ನಲ್ವಾ?" ನಾನು ನಯವಾಗಿ ಸಮಾಧಾನ ಹೇಳಿದೆ. "ಮಾತಾಡಿ ಸಾಮಿ!" ಎಂದರು. ಮಾತಾಡಿದೆ. "ಯಾಕ್ ಸುಮ್ಕವ್ರೆ?" ಕೂಗಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ, ಆಮೇಲೆ ದನಿ ಮೆತ್ತಗಾಯಿತು. "ಓಗ್ಲಿ ಬುಡಿ, ನಾಚ್ಕೆ ಆಗದೆ ನಿಮ್ಗೂ. ಇನ್ನೊಂದ್ ತಿಂಗ್ಳು ತಡೀತೀನಿ."

ಹೀಗೆ ಇಪ್ಪತ್ತು ದಿನ. ಅವರ ಮಾತು ನಮಗೆ ಬರುತ್ತಿತ್ತು, ನಮ್ಮದು ಹೋಗುತ್ತಿರಲಿಲ್ಲ. ತರಕಾರಿಯವರೂ ಗ್ಯಾಸಿನವರೂ ನಮ್ಮ ಮೌನಕ್ಕೆ ಮರುಗಿ ಗಡುವು ಕೊಟ್ಟರು. ಲೆಕ್ಕದವನಾಗಿ ನನಗೆ ದೂರೇನೂ ಇರಲಿಲ್ಲ. ಆದರೆ ರೂಮು ಬೇಕೆಂದವರು ಹಲೋ ಹಲೋ ಎಂದು ಫೋನಿಟ್ಟು ಮೈಸೂರಲ್ಲಿ ಉಳಿಯತೊಡಗಿದ್ದು ಸಾಹುಕಾರರ ಗಮನಕ್ಕೆ ಬಂತು. ಐಪಿ ಮೂರು ಸಲ ಬಂದ. ಮೂರು ಸಲವೂ ಕಪ್ಪು ಪರದೆ ತೆರೆದು ಪಿಂಗ್ ಮಾಡಿ, ಉತ್ತರ ಬಂದ ಸಾಲುಗಳನ್ನು ಗದ್ದವೆತ್ತಿ ತೋರಿಸಿ, "ನಮ್ ಕಡೆ ಎಲ್ಲಾ ಸರೀಗದೆ ಸಾ" ಎಂದು ಹೋದ. ಪಿಂಗ್ ಮಾಡಿದ್ದು ತನ್ನ ಏರಿಯನ್ನು. ಏರಿ ಗಟ್ಟಿಯಾಗಿದ್ದರೆ ನೀರು ಹರಿಯುತ್ತಿದೆ ಎಂದೇನೂ ಅಲ್ಲವಲ್ಲ!

ನಾಲ್ಕನೇ ಸಲ ಕರೆದಾಗ ಅವನಿಗೆ ಮದುವೆ. ಸಾಹುಕಾರರು ಅದನ್ನೊಂದು ಕಾರಣವೆಂದು ಒಪ್ಪಲಿಲ್ಲ. "ಫೋನ್ ಮಾಡ್ರೀ, ತಾಳಿ ಕಟ್ಟೋದು ಕೈಲಿ, ಬಾಯಿ ಖಾಲಿ ಇರ್ತದಲ್ಲ." ಮಾಡಿದೆ. ಹಿನ್ನೆಲೆಯಲ್ಲಿ ವಾಲಗ. ಅವನು ಎತ್ತಿದ! ಈ ಜಾತಿಯವರ ಗುಣವೇ ಅದು: ಬಿಡುವಿದ್ದಾಗ ಎತ್ತುವುದಿಲ್ಲ, ಹಸೆಮಣೆಯ ಮೇಲೆ ಎತ್ತುತ್ತಾರೆ. ಗುಟ್ಟಿನ ಪಾಸ್‌ವರ್ಡನ್ನು ವಾಲಗ ಮೀರಿಸಿ ಕೂಗಿ ಹೇಳಿದ. ಇನ್ನೂರು ಜನರಿಗೆ ಅದೀಗ ಬಾಯಿಪಾಠ.

ಮೂರನೇ ಸಾಲು, ನೀರಿನ ದಾರಿ, ಕೊನೇ ಖಾನೆಯಲ್ಲಿ ತೂಬಿನ ನಂಬರು ಓದಿ ಎಂದ. ಓದಿದೆ, ಬಾಲದಲ್ಲಿ 11 ಇತ್ತು.

"ಅಯ್ಯೋ! ಅನ್ನೊಂದಲ್ಲ, ಒಂದು! ಅನ್ನೊಂದಲ್ಲ, ಒಂದು!"

ಆಮೇಲೆ ಮದುವೆಗೆ ಹೋಗಿದ್ದವರು ಹೇಳಿದ್ದು: ಮುಹೂರ್ತ ಹನ್ನೊಂದಕ್ಕಿತ್ತು. ವರ ಹಾಗೆ ಅರಚಿದ್ದೇ ಪುರೋಹಿತರು ಮಂತ್ರ ನಿಲ್ಲಿಸಿ ಪಂಚಾಂಗ ತೆರೆದರು. ಹೆಣ್ಣಿನ ತಂದೆ ಅಡುಗೆಯವರ ಕಡೆ ಓಡಿದರು. ವಾಲಗದವರು ಒಂದರವರೆಗೆ ಊದಬೇಕಾದರೆ ರೇಟು ಬೇರೆ ಎಂದರು. ಅಷ್ಟು ಗಲಾಟೆಯಲ್ಲೂ ಐಪಿ ಶಾಂತವಾಗಿ ನನಗೆ ವಿವರಿಸುತ್ತಿದ್ದ: "ಅನ್ನೊಂದು ಪ್ರಿಂಟರ್ದು ಸಾ. ಆಚೆಗೋಗೋ ಮಾತ್ನೆಲ್ಲ ನಾವು ಪ್ರಿಂಟರ್ ತೂಬಿಗೆ ಬುಟ್ಟಿದ್ದೋ."

ಮೂಲೆಯಲ್ಲಿದ್ದ ಪ್ರಿಂಟರನ್ನು ನೋಡಿದೆ. ಇಪ್ಪತ್ತು ದಿನ ನನ್ನ ಕ್ಷಮಾಪಣೆಗಳನ್ನೆಲ್ಲ ಅದೊಂದೇ ಪಡೆದಿತ್ತು.

11 ಅಳಿಸಿ 1 ಹಾಕಿದೆ. ಸೇವ್ ಒತ್ತಿದೆ, ಎರಡು ಸಲ. ಪೆಟ್ಟಿಗೆ ಒಮ್ಮೆ ಆರಿ ಹೊತ್ತಿಕೊಂಡಿತು. ಅದರ ಹಿಂದೆಯೇ ಫೋನು.

"ಏನ್ ಸಾಮಿ, ಈಗ್ಲಾದ್ರೂ ಬಾಯ್ ಬತ್ತದಾ?"

ಅಭ್ಯಾಸಬಲದಿಂದ ಗಟ್ಟಿಯಾಗಿ ಅಂದೆ, "ಈ ಹಾಲಿನವನದ್ದೊಂದು ಕಾಟ."

"ಓ," ಎಂದರು ಅತ್ತಲಿಂದ. "ಬತ್ತದೆ. ಬತ್ತಾ ಇವ್ನಿ ಇರಿ, ಅಲ್ಗೇ."

ನಾನು ಮತ್ತೆ ಐಪಿಗೆ ಫೋನು ಹಚ್ಚಿದೆ, ಆ ಹನ್ನೊಂದನ್ನು ವಾಪಸ್ಸು ಹಾಕಲು ಇನ್ನೇನಾದರೂ ಒತ್ತಬೇಕೇ ಎಂದು ಕೇಳಲು. ಎತ್ತಲಿಲ್ಲ. ಮದುವೆ ಮುಗಿದಿರಬೇಕು.