ತಿಮ್ಮನಿಗೂ ಟಾರ್ಗೆಟ್

ಬೆಳಗ್ಗೆ ಆರಕ್ಕೆ ಹಾಲು ಬರುತ್ತದೆ, ಆರೂಕಾಲಿಗೆ ವಾಟ್ಸಾಪಿನಲ್ಲಿ ಕಗ್ಗ ಬರುತ್ತದೆ. ಹಿಂದೆ ಸೂರ್ಯೋದಯ, ಮೂಲೆಯಲ್ಲಿ ಗುಲಾಬಿ, ಕೆಳಗೆ ಸೈಟು ಬ್ರೋಕರೊಬ್ಬರ ಫೋಟೊ. ಓದಿದವರು ಯಾರೂ ಇಲ್ಲ, ಕೈಮುಗಿದವರು ಬಹಳ.

1943ರಲ್ಲಿ ಹೊರಬಂದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಎರಡೂವರೆ ವರ್ಷದ ಶುಭೋದಯಕ್ಕೆ ಯೋಚನೆಯಿಲ್ಲ. ಅದು ಮುಗಿದರೆ ‘ಮರುಳ ಮುನಿಯನ ಕಗ್ಗ’ ಇದ್ದೇ ಇದೆ. ಡಿ.ವಿ.ಜಿ. ಅವರಿಗೆ ನಮ್ಮ ಗ್ರೂಪುಗಳ ಮೇಲೆ ಎಷ್ಟು ಕಾಳಜಿ!

ಈಚೆಗೆ ತಿಮ್ಮನಿಗೆ ಕಂಪನಿಗಳಲ್ಲೂ ಕೆಲಸ ಸಿಕ್ಕಿದೆ. ನೌಕರರು ಬಸವಳಿದಿದ್ದಾರೆ ಎಂದು ಎಚ್‌ಆರ್‌ನವರಿಗೆ ತಿಳಿದರೆ ರಜೆ ಕೊಡುತ್ತಾರೆಯೇ? ಛೆ, ಅದು ಖರ್ಚಿನ ಬಾಬತ್ತು. ಊರಾಚೆಯ ರೆಸಾರ್ಟಿಗೆ ಸಾಗಿಸಿ ಸ್ಫೂರ್ತಿ ತುಂಬಿಸುತ್ತಾರೆ. ಜೀನ್ಸಿನ ಮೇಲೆ ಖಾದಿ ಜುಬ್ಬಾ ತೊಟ್ಟ ಸ್ಪೀಕರು ‘ನಮ್ಮ ಪರಂಪರೆಯಲ್ಲಿ ಎಲ್ಲವೂ ಇದೆ’ ಎಂದು ಶುರುಮಾಡುತ್ತಾರೆ. ಎಲ್ಲರಿಗೂ ಬಾಯಿಪಾಠವಿರುವ ‘ಹುಲ್ಲಾಗು ಬೆಟ್ಟದಡಿ’ ಪದ್ಯ ಪರದೆಯ ಮೇಲೆ ಮೂಡುತ್ತದೆ. ಬೆಟ್ಟದ ಬುಡದ ಹುಲ್ಲೆಂದರೆ ಇನ್‌ಕ್ರಿಮೆಂಟ್ ಕೇಳದವನು. ವಿಧಿ ಸುರಿಸುವ ಮಳೆಗೆ ಜಗ್ಗದ ಕಲ್ಲೆಂದರೆ ಭಾನುವಾರವೂ ಲಾಗಿನ್ ಆಗುವವನು. ದೀನರಿಗೆ ಬೆಲ್ಲ, ಸಕ್ಕರೆ? ಅದು ಸಿಎಸ್‌ಆರ್ ಬಜೆಟ್ಟು. ಮನೆಗೆ ಮಲ್ಲಿಗೆಯಾಗುವ ಮಾತನ್ನು ಮಾತ್ರ ಸ್ಪೀಕರು ಸರಸರನೆ ದಾಟಿಸುತ್ತಾರೆ. ವರ್ಕ್ ಫ್ರಮ್ ಹೋಮ್ ಆಗಲೇ ರದ್ದಾಗಿರುತ್ತದೆ.

ಬಳಿಕ ಒಂದು ಹಾಳೆ ಹಂಚುತ್ತಾರೆ: ‘ನಿಮ್ಮ ಬದುಕಿನ ಉದ್ದೇಶ ಬರೆಯಿರಿ.’ ಊಟದ ಹೊತ್ತಿಗೆ ಒಪ್ಪಿಸಬೇಕು. ಇಎಂಐ ಎಂದು ಬರೆದವನಿಗೆ ಪ್ರಾಮಾಣಿಕತೆಗಾಗಿ ಬಹುಮಾನ ಕೊಡಬೇಕಿತ್ತು, ಮ್ಯಾನೇಜರು ದುರುಗುಟ್ಟಿ ನೋಡಿದರಂತೆ.

ತಮಾಷೆಯೆಂದರೆ, ಕಗ್ಗ ಬರೆದವರಿಗೆ ಇಷ್ಟು ಅವಸರವಿರಲಿಲ್ಲ. ಪುಸ್ತಕದ ಮೊದಲ ಕೆಲವು ಪುಟಗಳಲ್ಲೇ ಈ ಜೀವನಕ್ಕೆ ಅರ್ಥವೇನು, ಇದನ್ನೆಲ್ಲ ನಡೆಸುವವನೊಬ್ಬ ಇದ್ದಾನೆಯೇ ಎಂದು ಕೇಳಿಕೊಂಡು ಕೂರುತ್ತಾರೆ. ಸಂಶಯ, ತಳಮಳ, ಮತ್ತೆ ಸಮಾಧಾನ, ಮತ್ತೆ ಸಂಶಯ. ಹೆಂಡತಿಯನ್ನು ಬೇಗ ಕಳೆದುಕೊಂಡು, ಮತ್ತೆ ಮದುವೆಯಾಗದೆ, ಪತ್ರಿಕೆ ನಡೆಸಿ ಕೈಸುಟ್ಟುಕೊಂಡ ಮನುಷ್ಯ ಬೇರೆ ಹೇಗೆ ಬರೆದಾರು? ಆ ಪ್ರಶ್ನೆಗಳ ಪದ್ಯಗಳನ್ನು ಸ್ಲೈಡಿನಿಂದ ಕಿತ್ತುಹಾಕಿರುತ್ತಾರೆ. ಪ್ರಶ್ನೆ ಕೇಳುವವನಿಂದ ಟೀಮಿನ ಹುರುಪು ಕುಗ್ಗುತ್ತದೆ, ನೋಡಿ.

ಇಂಥ ಕಂಪನಿಗೇ ಮುಳಬಾಗಿಲಿನ ಗುಂಡಪ್ಪ ಎಂಬ ಯುವಕ ಅರ್ಜಿ ಹಾಕಿದ್ದರೆ? ಮೆಟ್ರಿಕ್ ಪಾಸಿಲ್ಲ. ಅನುಭವ: ಸೋಡಾ ಕಾರ್ಖಾನೆ, ಜಟಕಾ ಗಾಡಿಗೆ ಬಣ್ಣ ಬಳಿದದ್ದು. ಕಂಪ್ಯೂಟರೇ ತಿರಸ್ಕರಿಸಿ, ‘ನಿಮ್ಮ ಮುಂದಿನ ಪಯಣಕ್ಕೆ ಶುಭವಾಗಲಿ’ ಎಂದು ಮೇಲ್ ಕಳಿಸಿರುತ್ತಿತ್ತು.

1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ಡಿ.ವಿ.ಜಿ. ಅವರನ್ನು ಸನ್ಮಾನಿಸಿ ದೊಡ್ಡ ಮೊತ್ತದ ನಿಧಿ ಅರ್ಪಿಸಿದರು. ಅಷ್ಟನ್ನೂ ಅವರು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಈ ಪ್ರಸಂಗವನ್ನು ಸ್ಪೀಕರು ಹೇಳುವುದಿಲ್ಲ. ಅವರ ಸಂಭಾವನೆಯ ಚೆಕ್ಕಿಗೆ ಸಹಿ ಹಾಕಬೇಕಾದವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.