ಕಂಬಳಿ-ಸೀರೆ ನಡುವೆ ಹೊಗೆಕೊಳವೆ

ಬಚ್ಚಲಿನ ಹಂಡೆ ಒಲೆಗೆ ಒಂದು ಹೊಗೆಕೊಳವೆ ಹಾಕಿಸೋಣ ಅಂತ ನಾನು ಬಾಯಿ ಜಾರಿದ್ದು ಕಾರ್ತಿಕದಲ್ಲಿ. ಈಗ ಆಷಾಢ. ಒಲೆಯೂ ಅಲ್ಲೇ ಇದೆ, ಹೊಗೆಯೂ ಅಲ್ಲೇ ಇದೆ. ಬೆಳೆದದ್ದು ನಕ್ಷೆ ಮಾತ್ರ.

ಚಳ್ಳಕೆರೆಯಲ್ಲಿ ಬರ ಇರೋದು ಮಳೆಗೆ, ಉರುವಲಿಗಲ್ಲ. ಬಳ್ಳಾರಿ ಜಾಲಿ ಯಾರನ್ನೂ ಕೇಳದೆ ಬೆಳೆಯುತ್ತದೆ. ಶೇಂಗಾ ಸಿಪ್ಪೆಗೂ ಕೊರತೆಯಿಲ್ಲ. ಜಾಲಿಯ ಕೊರಡು ಒಮ್ಮೆ ಹತ್ತಿತೋ, ಮಧ್ಯಾಹ್ನದವರೆಗೂ ಕೆಂಡ. ಹತ್ತುವ ತನಕ ಮಾತ್ರ ಮನೆಮಂದಿಗೆಲ್ಲ ಕಣ್ಣೀರು. ಬಂದ ನೆಂಟರು ಯಾರು ಹೋದರು ಅಂತ ಕೇಳಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆ ಕೂರುವ, ಒಳಗೆ ಕಬ್ಬಿಣದ ಜಾಲರಿಯ, ಹೊಗೆಯನ್ನು ಸೂರಿನಾಚೆ ಅಟ್ಟುವ ಒಲೆ ಮಾಡಿದ್ದರು. ಅದೇ ಸಂಸ್ಥೆ ಈಗ ನಮ್ಮ ತಾಲ್ಲೂಕಿನ ಕುದಾಪುರದಲ್ಲೇ ಕ್ಯಾಂಪಸ್ ಹೂಡಿದೆ. ವಿಜ್ಞಾನ ಅಷ್ಟು ದೂರ ಬಂದಿದೆ, ನಮ್ಮ ಬಚ್ಚಲಿಗೆ ಬರೋಕೇನು ದಾಡಿ ಅಂದುಕೊಂಡೆ.

ಗಾರೆಯವನು ಬಂದು ಸೂರು ನೋಡಿದ. "ಕೊಳವೆ ನೆಟ್ಟಗಿದ್ರೆ ಹೊಗೆ ನೆಟ್ಟಗೆ ಹೋಗ್ತದೆ. ಮೊಣಕೈ ಮಡಚಿದ್ರೆ ಅಲ್ಲೇ ಕೂತ್ಕಂತದೆ" ಅಂದ. ಬಿಸಿ ಗಾಳಿ ಹಗುರ, ಮೇಲಕ್ಕೆ ಎಳೆಯುತ್ತದೆ ಅನ್ನೋದನ್ನು ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಆದರೆ ನೆಟ್ಟಗೆ ಹೋದರೆ ಸಿಗೋದು ಅಟ್ಟ. ಅಟ್ಟದ ಮೇಲೆ ಅವ್ವನ ಕಂಬಳಿಗಳು, ನಮ್ಮೂರಿನ ಕೈಮಗ್ಗದವು, ಕಪ್ಪು ಕುರಿಯ ಉಣ್ಣೆಯವು.

"ಹೊಗೆ ತಾಕ್ಲಿ ಅಂತಾನೇ ಅಲ್ಲಿಟ್ಟಿರೋದು. ಹೊಗೆ ಹೊರಗೆ ಕಳ್ಸಿದ್ರೆ ನುಸಿ ಹತ್ತಲ್ವಾ?" ಅಂದಳು ಅವ್ವ.

ಹಾಗಾದರೆ ಗೋಡೆ ಕೊರೆದು ಪಕ್ಕಕ್ಕೆ ತಿರುಗಿಸೋಣ ಅಂದೆ. ಆ ಕಡೆ ಹೆಂಡತಿ ಮೊಳಕಾಲ್ಮೂರು ರೇಷ್ಮೆ ಸೀರೆಗಳನ್ನು ನೆರಳಲ್ಲಿ ಗಾಳಿಗೆ ಹಾಕುವ ಮೊಗಸಾಲೆ. ತವರಿನ ಸೀರೆ, ನಾಲ್ಕು ಬೆರಳಿಗಿಂತ ಅಗಲದ ಅಂಚು. ಅಲ್ಲಿ ಮಸಿ ಬಿದ್ದರೆ ಮುಂದಿನ ಮಾತು ಬೀಗರ ಜೊತೆ.

ಹೆಂಡತಿ ಹಿಂದೊಮ್ಮೆ ತವರಿನ ಜಂಬದಲ್ಲಿ, ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇದೆ, ರೈಸ್ ಸಾಹೇಬರು ಪತ್ತೆ ಮಾಡಿದ್ದು, ತಂದೆ ತಾಯಿ ಮಾತು ಕೇಳಬೇಕು ಅಂತ ಕೊರೆಸಿದಾನೆ ಎಂದು ಅತ್ತೆಗೆ ಓದಿ ಹೇಳಿದ್ದಳು. ಮೊಗಸಾಲೆ ಕಡೆ ಕೊಳವೆ ಬೇಡ ಅಂತ ಅವಳು ಅತ್ತೆಗೆ ಎದುರು ನಿಂತ ದಿನ, ಹಾಗೆ ಓದಿ ಹೇಳಿದ್ದಕ್ಕೆ ಪಶ್ಚಾತ್ತಾಪ ಪಟ್ಟಳು.

"ಕಲ್ಲಲ್ಲಿ ಬರ್ದೈತಂತೆ, ನೀನೇ ಅಂದಿದ್ದೆ" ಅಂದಳು ಅವ್ವ.

ಕೊನೆಗೆ ಪರೀಕ್ಷೆಗೆಂದು ಒಂದು ತಗಡಿನ ಕೊಳವೆಯನ್ನು ಕಿಟಕಿಯಿಂದ ಹೊರಗೆ ಹಾಯಿಸಿ, ಸಿಪ್ಪೆ ತುಂಬಿ ಹಚ್ಚಿದೆವು. ಅರ್ಧ ನಿಮಿಷ ಹೊಗೆ ಸಭ್ಯವಾಗಿ ಹೊರಗೆ ಹೋಯಿತು. ಆಮೇಲೆ ಆಷಾಢದ ಗಾಳಿ ಬೀಸಿತು ನೋಡಿ, ಹೋದದ್ದೆಲ್ಲ ಅದೇ ದಾರಿಯಲ್ಲಿ ವಾಪಸು, ಜೊತೆಗೆ ಬೀದಿಯ ಧೂಳು. ಕೊಳವೆಯ ಬಾಯಿ ಮಾಳಿಗೆಯ ಕೈಪಿಡಿ ಗೋಡೆಗಿಂತ ಮೇಲೇಳಬೇಕು ಅಂತ ಗಾರೆಯವನು ಕೆಮ್ಮುತ್ತಲೇ ತೀರ್ಪು ಕೊಟ್ಟ.

ಅಟ್ಟ ತಪ್ಪಿಸಿ, ಮೊಗಸಾಲೆ ತಪ್ಪಿಸಿ, ಗೋಡೆ ದಾಟಿಸಿ ಐದನೇ ನಕ್ಷೆ ಬರೆದೆ, ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ. ಬೆಳಿಗ್ಗೆ ಅವ್ವ ಒಲೆ ಹಚ್ಚೋಕೆ ಕಾಗದ ಕೇಳಿದಳು. ಮೇಲಿದ್ದದ್ದನ್ನು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟಳು.

"ಇದು ನುಣುಪು, ಬೇಗ ಹತ್ತಲ್ಲ. ಮೊದ್ಲು ಬರ್ದಿದ್ಯಲ್ಲ, ಅದು ಕೊಡು."